ಗಾಡಿ ಮನೇಲಿ ಕಟ್ಟಿದ್ದು, ರಿಸರ್ವ್ ಲೈಟು ಬೈಕಿನದು: ಯಾವ ಸೆನ್ಸರ್ ಹಾಕೋದು?

ಆನಗೋಡಿನ ಆಚೆ, ಮೆಕ್ಕೆಜೋಳದ ಹೊಲಗಳ ನಡುವಿನ ಬಂಡಿದಾರಿಯಲ್ಲಿ, ಬೈಕಿನ ಎಂಜಿನ್ ಹಾಕಿ ಮನೇಲೇ ಕಟ್ಟಿದ ನಮ್ಮ ಬಗ್ಗಿ (ಪೈಪ್ ಚಾಸಿಯ ಪುಟ್ಟ ಕಾರು) ಕೆಮ್ಮಿ ಕೆಮ್ಮಿ ನಿಂತಾಗ ಡ್ಯಾಶ್ ಮೇಲಿನ ಪೆಟ್ರೋಲ್ ಲೈಟು ಉರಿಯುತ್ತಲೇ ಇತ್ತು. ಆವತ್ತೊಂದೇ ದಿನ ಅಲ್ಲ, ಹದಿನೈದು ದಿನದಿಂದ ಉರಿಯುತ್ತಿತ್ತು. ಟ್ಯಾಂಕ್ ತುಂಬಿಸಿದರೂ ಉರಿ, ಖಾಲಿಯಾದರೂ ಉರಿ. ಹಾಗಾಗಿ ಅದರ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಬಿಸಿಲಲ್ಲಿ ಹೆದ್ದಾರಿ ಬಂಕಿನವರೆಗೆ ನಡೆದು, “ಬಾಟ್ಲಿಗೆ ಹಾಕಂಗಿಲ್ರೀ” ಅನ್ನಿಸಿಕೊಂಡು ಬರಿಗೈಲಿ ವಾಪಸ್ ಬಂದೆ. ಕೊನೆಗೆ ದಾರಿಹೋಕರೊಬ್ಬರ ಬೈಕಿನ ಟ್ಯಾಂಕಿಗೆ ಪೈಪ್ ಬಿಟ್ಟು ಒಂದು ಲೀಟರ್ ಇಳಿಸಿಕೊಂಡದ್ದಾಯಿತು.

ಲೈಟು ಕೆಟ್ಟಿರಲಿಲ್ಲ. ಅದಕ್ಕೆ ನಾನು ಜೋಡಿ ಮಾಡಿದ ಸೆನ್ಸರ್ ತಪ್ಪಾಗಿತ್ತು. ಎಲ್ಲಿ ತಪ್ಪಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದಾದ ಮೇಲೆ ಮೂರು ಬಗೆಯ ಜೋಡಣೆ ಮಾಡಿ, ಕಿತ್ತು, ಮತ್ತೆ ಮಾಡಿ ನೋಡಿದ್ದೇನೆ. ಈ ಬರಹ ಅದರ ಲೆಕ್ಕ.

ಮೊದಲೇ ಒಂದು ಮಾತು. ಬೈಕಿನ ಎಂಜಿನ್ ಕಿತ್ತು ಪೈಪ್ ಚಾಸಿಗೆ ಕೂರಿಸಿದ ಗಾಡಿಗೆ ಬೈಕಿನ ಆರ್‌ಸಿ ನಡೆಯುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕೆ ಹೊರತಾದ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆದ್ದರಿಂದ ಇದೆಲ್ಲ ಹೊಲ, ತೋಟ, ಟ್ರ್ಯಾಕಿನಲ್ಲಿ ಓಡುವ ಗಾಡಿಯ ಮಾತು.

ಲೈಟು ಆಮೇಲೆ, ಟ್ಯಾಂಕ್ ಮೊದಲು

ಬೈಕಿನ ಮೀಟರ್ ಬೋರ್ಡ್, ಅದರಲ್ಲಿರುವ ಪುಟ್ಟ ಬಂಕಿನ ಚಿತ್ರದ ಲೈಟು, ಅದರ ಸೆನ್ಸರ್ ಎಲ್ಲ ಗುಜರಿಯಲ್ಲಿ ಒಟ್ಟಿಗೇ ಸಿಗುತ್ತವೆ. ಬೈಕಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದದ್ದು ನಮ್ಮ ಗಾಡಿಯಲ್ಲೂ ಮಾಡುತ್ತದೆ ಅಂದುಕೊಳ್ಳುತ್ತೇವೆ. ಮಾಡುವುದಿಲ್ಲ. ಕಾರಣ ಎರಡು.

ಒಂದು, ಆಕಾರ. ಬೈಕಿನ ಟ್ಯಾಂಕ್ ಕುದುರೆ ಜೀನಿನ ಹಾಗೆ ಫ್ರೇಮಿನ ಎರಡೂ ಪಕ್ಕ ಕಾಲು ಇಳಿಬಿಟ್ಟಿರುತ್ತದೆ. ತಳ ಇಕ್ಕಟ್ಟು. ಅಲ್ಲಿ ಮೂರು ಸೆಂಟಿಮೀಟರ್ ಎತ್ತರದ ಪೆಟ್ರೋಲ್ ಅಂದರೆ ಎಷ್ಟೋ ಇಲ್ಲ. ನಾವು ಶೀಟ್ ಮಡಿಚಿ ಸೀಟಿನ ಹಿಂದೆ ಕೂರಿಸುವುದು ಡಬ್ಬಿ ಟ್ಯಾಂಕ್. ನನ್ನದು 60 ಸೆಂಟಿಮೀಟರ್ ಅಗಲ, 30 ಉದ್ದ, 15 ಎತ್ತರ. ಒಟ್ಟು 27 ಲೀಟರ್. ಇದರಲ್ಲಿ ಒಂದು ಸೆಂಟಿಮೀಟರ್ ಎತ್ತರಕ್ಕೆ 1.8 ಲೀಟರ್. ಬೈಕಿನ ಸೆನ್ಸರ್ ತಳದಿಂದ ಮೂರು ಸೆಂಟಿಮೀಟರ್ ಮೇಲೆ ಕೂತರೆ, ಲೈಟು ಹತ್ತುವಾಗ ಇನ್ನೂ 5.4 ಲೀಟರ್ ಉಳಿದಿರುತ್ತದೆ. ಅಷ್ಟು ಬೇಗ ಹೆದರಿಸುವ ಲೈಟನ್ನು ಯಾರೂ ಬಹಳ ದಿನ ನಂಬುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ, ನನಗೆ ತಡವಾಗಿ ಹೊಳೆದದ್ದು. ತಿರುವಿನಲ್ಲಿ ಬೈಕ್ ವಾಲುತ್ತದೆ. ವಾಲುವುದರಿಂದಲೇ ಟ್ಯಾಂಕಿನ ಒಳಗಿನ ಪೆಟ್ರೋಲಿಗೆ ತಿರುವಿನ ಎಳೆತ ನೇರ ಕೆಳಗೆ, ತಳದ ಕಡೆಗೇ ಬರುತ್ತದೆ. ತುಂಬಿದ ಲೋಟವನ್ನು ತಟ್ಟೆಯಲ್ಲಿಟ್ಟು ತೂಗುಬಿಟ್ಟು ತಿರುಗಿಸಿದರೂ ಚೆಲ್ಲದ ಹಾಗೆ. ಕಾರು ವಾಲುವುದಿಲ್ಲ. ಗುರುತ್ವದ ಅರ್ಧದಷ್ಟು ಬಲದಲ್ಲಿ ತಿರುಗಿಸಿದರೆ ಪೆಟ್ರೋಲಿನ ಮೇಲ್ಮೈ 27 ಡಿಗ್ರಿ ಓರೆಯಾಗುತ್ತದೆ. 60 ಸೆಂಟಿಮೀಟರ್ ಅಗಲದ ಟ್ಯಾಂಕಿನಲ್ಲಿ ಈ ಕೊನೆಗೂ ಆ ಕೊನೆಗೂ 30 ಸೆಂಟಿಮೀಟರ್ ವ್ಯತ್ಯಾಸ ಬೇಕಾಗುತ್ತದೆ. ಟ್ಯಾಂಕ್ ಇರುವುದೇ 15 ಎತ್ತರ. ಅಂದರೆ ಇದ್ದಬದ್ದ ಪೆಟ್ರೋಲೆಲ್ಲ ಒಂದು ಮೂಲೆಗೆ ಹೋಗಿ ನಿಲ್ಲುತ್ತದೆ. ಸೆನ್ಸರ್ ಇನ್ನೊಂದು ಮೂಲೆಯಲ್ಲಿದ್ದರೆ ಅದಕ್ಕೆ ಟ್ಯಾಂಕ್ ಖಾಲಿ.

ಹಾಗಾಗಿ ನಾವು ಹೋಲಿಸಬೇಕಾದದ್ದು ಯಾವುದು ಅಗ್ಗ, ಯಾವುದು ನಿಖರ ಅಂತಲ್ಲ. ಕುಲುಕುವ ಪೆಟ್ರೋಲಿನ ಮುಂದೆ ಯಾವ ಸೆನ್ಸರಿಗೆ ತಾಳ್ಮೆ ಇದೆ ಅಂತ. ಟ್ಯಾಂಕಿನ ಒಳಗೆ ತೂತಿರುವ ಒಂದೆರಡು ಅಡ್ಡ ತಗಡು ಬೆಸೆಯಿಸಿ. ಸೆನ್ಸರನ್ನು ಪಿಕಪ್ ಪೈಪಿನ (ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪೈಪ್) ಪಕ್ಕದಲ್ಲೇ, ಆದಷ್ಟು ನಡುವೆ ಕೂರಿಸಿ. ಇದು ಯಾವ ಆಯ್ಕೆಗೂ ಬೇಕು. ಸೆನ್ಸರಿನ ತೂತನ್ನು ಟ್ಯಾಂಕಿಗೆ ಒಂದು ಹನಿ ಪೆಟ್ರೋಲ್ ಬೀಳುವ ಮೊದಲೇ ಹಾಕಿಸಿ. ಬಳಸಿದ ಟ್ಯಾಂಕ್ ‘ಖಾಲಿ’ ಆಗಿದ್ದಾಗಲೇ ಹೆಚ್ಚು ಅಪಾಯ: ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗವೇ ಕಡಿಮೆ, ಖಾಲಿಯಾದದ್ದರಲ್ಲಿ ಆವಿಯೂ ಗಾಳಿಯೂ ಬೆರೆತು ಕಿಡಿಗೆ ಕಾಯುತ್ತಿರುತ್ತವೆ.

ಬಿಸಿ ಮಣಿ ಮತ್ತು ಹಳೇ ಬಲ್ಬು

ಜಪಾನಿನ ಹಳೆಯ ಸ್ಪೋರ್ಟ್ಸ್ ಬೈಕುಗಳಲ್ಲಿ ಬರುತ್ತಿದ್ದದ್ದು ಇದು. ಟ್ಯಾಂಕಿನ ತಳದಲ್ಲಿ ಜಾಲರಿ ಇರುವ ಪುಟ್ಟ ಡಬ್ಬಿ, ಅದರೊಳಗೆ ಥರ್ಮಿಸ್ಟರ್. ಬಿಸಿಯಾದಷ್ಟೂ ಕರೆಂಟಿಗೆ ದಾರಿ ಬಿಡುವ ಮಣಿ ಅದು. ಕೀ ವೈರಿನಿಂದ (ಕೀ ತಿರುಗಿಸಿದಾಗ ಕರೆಂಟ್ ಬರುವ ವೈರ್) ಬಲ್ಬ್, ಬಲ್ಬಿನಿಂದ ಮಣಿ, ಮಣಿಯಿಂದ ಅರ್ಥ್, ಅಂದರೆ ಬ್ಯಾಟರಿಯ ನೆಗೆಟಿವ್. ಇಷ್ಟೇ ಸರ್ಕ್ಯೂಟ್.

ತಣ್ಣಗಿದ್ದಾಗ ಮಣಿಯ ರೆಸಿಸ್ಟೆನ್ಸ್ ಸುಮಾರು 1000 ಓಮ್ ಅಂದುಕೊಳ್ಳಿ. 12 ವೋಲ್ಟಿಗೆ ಹರಿಯುವುದು 12 ಮಿಲಿಆಂಪ್. 3 ವಾಟಿನ ಬಲ್ಬಿಗೆ ಉರಿಯಲು 250 ಮಿಲಿಆಂಪ್ ಬೇಕು. 12ರಲ್ಲಿ ಅದರ ತಂತಿ ಕೆಂಪೂ ಆಗುವುದಿಲ್ಲ. ಆದರೆ ಆ 12 ಮಿಲಿಆಂಪ್ ಮಣಿಯನ್ನು ಒಂಚೂರು ಕಾಯಿಸುತ್ತದೆ. ಸುತ್ತ ಪೆಟ್ರೋಲ್ ಇದ್ದರೆ ಕಾವು ಹೊತ್ತುಕೊಂಡು ಹೋಗುತ್ತದೆ, ಮಣಿ ತಣ್ಣಗೇ ಇರುತ್ತದೆ. ಪೆಟ್ರೋಲ್ ಇಳಿದು ಮಣಿ ಗಾಳಿಗೆ ಬಿದ್ದರೆ ಕಾವು ಹೋಗಲು ದಾರಿ ಇಲ್ಲ. ಬಿಸಿಯಾಗುತ್ತದೆ, ಇನ್ನಷ್ಟು ಕರೆಂಟ್ ಬಿಡುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ. ಕೊನೆಗೆ ಬಲ್ಬ್ ಹತ್ತುತ್ತದೆ.

ಇದನ್ನು ಕಣ್ಣಾರೆ ನೋಡಬೇಕು. ಪೆಟ್ರೋಲಿನಲ್ಲಿ ಬೇಡ. ನಾವು ಗ್ಯಾರೇಜಿನಲ್ಲಿ ಒಂದು ಸ್ಟೀಲ್ ಲೋಟಕ್ಕೆ ಚಳ್ಳಕೆರೆಯ ಶೇಂಗಾ ಎಣ್ಣೆ ಸುರಿದು ಸೆನ್ಸರ್ ಮುಳುಗಿಸಿದೆವು. ಎಣ್ಣೆಗೆ ಕರೆಂಟ್ ಹರಿಯುವುದಿಲ್ಲ, ಅಷ್ಟು ಕಾವಿಗೆ ಬೆಂಕಿಯೂ ಹತ್ತುವುದಿಲ್ಲ. ಬ್ಯಾಟರಿ ಕೊಟ್ಟರೆ ಬಲ್ಬ್ ಸತ್ತ ಹಾಗೆ ಕೂತಿತ್ತು. ಸೆನ್ಸರ್ ಮೇಲೆತ್ತಿ, ಎಣ್ಣೆ ತೊಟ್ಟಿಕ್ಕುವುದು ನಿಲ್ಲುವ ತನಕ ಏನೂ ಇಲ್ಲ. ಆಮೇಲೆ ತಂತಿಯಲ್ಲಿ ಕೆಂಡದ ಎಳೆಯಂಥ ಬಣ್ಣ ಕಂಡಿತು. ನೋಡನೋಡುತ್ತ ಕಿತ್ತಳೆಯಾಗಿ ಹಳದಿಗೆ ತಿರುಗಿತು. ಒಂದು ಟೀ ಅರ್ಧ ಕುಡಿಯುವಷ್ಟು ಹೊತ್ತು ಹಿಡಿಯಿತು. ಮತ್ತೆ ಅದ್ದಿದರೆ ಕೆಲವೇ ಕ್ಷಣದಲ್ಲಿ ಆರಿಹೋಯಿತು. ಪಕ್ಕದಲ್ಲಿ ನಿಂತಿದ್ದ ವೆಲ್ಡರ್ ಹುಡುಗ, “ಇದೇನ್ ನಿಧಾನ ಐತ್ರೀ” ಅಂದ.

ಆ ನಿಧಾನವೇ ನಮಗೆ ಬೇಕಾದದ್ದು. ತಿರುವಿನಲ್ಲಿ ಮಣಿ ನಾಲ್ಕು ಸೆಕೆಂಡು ಬಯಲಾದರೆ ಬಿಸಿಯಾಗುವಷ್ಟರಲ್ಲಿ ಪೆಟ್ರೋಲ್ ವಾಪಸ್ ಬಂದು ತಣಿಸುತ್ತದೆ. ಒಂದು ಟ್ರಾನ್ಸಿಸ್ಟರ್ ಇಲ್ಲ, ಕೆಪಾಸಿಟರ್ ಇಲ್ಲ, ತಾಳ್ಮೆ ವಸ್ತುವಿನ ಗುಣದಲ್ಲೇ ಇದೆ. ಒಂದೇ ಲೈಟು ಸಾಕು, ಗೇಜ್ ಬೇಡ ಅನ್ನುವವರಿಗೆ ನನ್ನ ಓಟು ಇದಕ್ಕೆ.

ಒಂದೆರಡು ಕೊರತೆ ಇವೆ. ಮೇ ತಿಂಗಳಲ್ಲಿ, ಎಂಜಿನ್ ಪಕ್ಕದಲ್ಲಿರುವ ಟ್ಯಾಂಕಿನ ಪೆಟ್ರೋಲೇ 50 ಡಿಗ್ರಿ ಮುಟ್ಟಿದರೆ ಮಣಿಯ ರೆಸಿಸ್ಟೆನ್ಸ್ ಮೊದಲೇ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಆಗ ಲೈಟು ಬೇಗ ಹತ್ತುತ್ತದೆ. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಒಂದು ತಗಡು ನಿಲ್ಲಿಸಿ. ಮತ್ತೆ, ಬಲ್ಬ್ ಇಲ್ಲದೆ ಸೆನ್ಸರನ್ನು ನೇರ ಬ್ಯಾಟರಿಗೆ ಯಾವತ್ತೂ ಕೊಡಬೇಡಿ. ಕರೆಂಟಿಗೆ ಮಿತಿ ಹಾಕುವುದು ಬಲ್ಬೇ. ಅದಿಲ್ಲದಿದ್ದರೆ ಮಣಿ ತನ್ನ ಕಾವಿಗೆ ತಾನೇ ಸುಟ್ಟುಹೋಗುತ್ತದೆ. ಇದೇ ಕಾರಣಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಬಿಡಿ ಥರ್ಮಿಸ್ಟರ್ ತಂದು ಟ್ಯಾಂಕಿಗೆ ಬಿಡುವ ಸಾಹಸವೂ ಬೇಡ. ಡಬ್ಬಿಯೊಳಗೆ ಬರುವ ಬೈಕಿನ ಭಾಗವನ್ನೇ ಹಾಕಿ.

ಎಲ್‌ಇಡಿ ಹಾಕಿದರೆ ಏನಾಗುತ್ತದೆ

ಎಲ್ಲರೂ ಎಡವುವ ಜಾಗ ಇದು. ಬಲ್ಬ್ ಹಳೇ ಕಾಲದ್ದು ಅಂತ ತೆಗೆದು ಅದರ ಜಾಗಕ್ಕೆ ಎಲ್‌ಇಡಿ ಹಾಕುತ್ತಾರೆ. ಎಲ್‌ಇಡಿ ಒಂದೆರಡು ಮಿಲಿಆಂಪಿಗೇ ಬೆಳಗುತ್ತದೆ. ತಣ್ಣನೆ ಮಣಿಯಲ್ಲೂ ಅಷ್ಟು ಹರಿಯುವುದರಿಂದ ಟ್ಯಾಂಕ್ ತುಂಬಿದ್ದರೂ ಲೈಟು ಹತ್ತಿಯೇ ಇರುತ್ತದೆ. ಮೇಲಾಗಿ ಎಲ್‌ಇಡಿಯ ಜೊತೆಗಿರುವ ರೆಸಿಸ್ಟರ್ ಕರೆಂಟನ್ನು ಬಿಗಿಹಿಡಿಯುವುದರಿಂದ ಮಣಿ ಸರಿಯಾಗಿ ಬಿಸಿಯೂ ಆಗುವುದಿಲ್ಲ. ಸೆನ್ಸರ್ ಹಾಳಾಗಿದೆ ಅಂದುಕೊಂಡು ಬದಲಿಸುತ್ತಾರೆ. ಹೊಸದರಲ್ಲೂ ಅದೇ ಕಥೆ.

ಎಲ್‌ಇಡಿಯೇ ಬೇಕು ಅಂದರೆ ದಾರಿ ಇದೆ. ಬಲ್ಬ್ ಇದ್ದ ಜಾಗಕ್ಕೆ 47 ಓಮಿನ, 10 ವಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಕೂರಿಸಿ. ಅದರ ಎರಡು ತುದಿಗೆ ಸಮಾನಾಂತರವಾಗಿ ಕೆಂಪು ಎಲ್‌ಇಡಿಯನ್ನೂ ಅದರ ಸಾಲಿನಲ್ಲಿ 680 ಓಮಿನ ರೆಸಿಸ್ಟರನ್ನೂ ಕೊಡಿ. ಮಣಿ ತಣ್ಣಗಿದ್ದಾಗ 47 ಓಮಿನ ಮೇಲೆ ಬೀಳುವುದು ಅರ್ಧ ವೋಲ್ಟ್. ಕೆಂಪು ಎಲ್‌ಇಡಿಗೆ ಎರಡು ವೋಲ್ಟಿನ ಹತ್ತಿರ ಬೇಕು, ಹಾಗಾಗಿ ಕತ್ತಲೆ. ಮಣಿ ಬಿಸಿಯಾಗಿ 60 ಓಮಿಗೆ ಇಳಿದರೆ ಅಲ್ಲಿ ಐದು ವೋಲ್ಟಿಗೂ ಹೆಚ್ಚು ಸಿಗುತ್ತದೆ, ಎಲ್‌ಇಡಿ ಹತ್ತುತ್ತದೆ. ಸೆನ್ಸರ್ ವೈರ್ ಎಲ್ಲೋ ಸವೆದು ಬಾಡಿಗೆ ತಾಗಿದರೆ ಆ ರೆಸಿಸ್ಟರ್ ಮೂರು ವಾಟಿಗಿಂತ ಹೆಚ್ಚು ಕಾವು ತಿನ್ನಬೇಕಾಗುತ್ತದೆ. 10 ವಾಟಿನದು ಅಂದದ್ದು ಅದಕ್ಕೆ. ಇಷ್ಟೆಲ್ಲ ಮಾಡುವ ಬದಲು ಬಲ್ಬನ್ನೇ ಇಟ್ಟುಕೊಳ್ಳಬಾರದೇ ಅಂತ ನನಗನ್ನಿಸುತ್ತದೆ, ಇರಲಿ.

ಫ್ಲೋಟ್ ಸ್ವಿಚ್: ನಾನು ಮೋಸಹೋದದ್ದು ಇಲ್ಲಿ

ಕಡ್ಡಿಯ ಮೇಲೆ ಜಾರುವ ತೇಲುಗುಂಡು, ಗುಂಡಿನೊಳಗೆ ಅಯಸ್ಕಾಂತ, ಕಡ್ಡಿಯೊಳಗೆ ಗಾಜಿನ ಕೊಳವೆಯಲ್ಲಿ ರೀಡ್ ಸ್ವಿಚ್, ಅಂದರೆ ಅಯಸ್ಕಾಂತ ಹತ್ತಿರ ಬಂದರೆ ಒಂದಕ್ಕೊಂದು ಸೇರುವ ಎರಡು ಲೋಹದ ಎಲೆ. ಗುಂಡು ಇಳಿದರೆ ಸ್ವಿಚ್ ಸೇರುತ್ತದೆ. ನೋಡಲು ಇದಕ್ಕಿಂತ ಸರಳ ಇನ್ನೊಂದಿಲ್ಲ. ಕಿಡಿ ಗಾಜಿನೊಳಗೇ ಉಳಿಯುವುದರಿಂದ ಟ್ಯಾಂಕಿಗೂ ಒಳ್ಳೆಯದು.

ನಾನು ಇದನ್ನು ಬೈಕಿನ 3 ವಾಟ್ ಬಲ್ಬಿಗೆ ನೇರ ಕೊಟ್ಟೆ. 250 ಮಿಲಿಆಂಪ್ ತಾನೆ, ಸ್ವಿಚ್ ಅರ್ಧ ಆಂಪಿನದು, ಸಾಕು ಅಂತ ಲೆಕ್ಕ. ಮರೆತದ್ದೇನೆಂದರೆ, ತಣ್ಣನೆ ಬಲ್ಬಿನ ತಂತಿಯ ರೆಸಿಸ್ಟೆನ್ಸ್ ಉರಿಯುವಾಗಿನ ಹತ್ತನೇ ಒಂದರಷ್ಟು. ಪ್ರತಿ ಸಲ ಹತ್ತುವಾಗ ಒಂದು ಕ್ಷಣ ಎರಡು ಆಂಪಿಗೂ ಹೆಚ್ಚು ಎಳೆಯುತ್ತದೆ. ಕುಲುಕಾಟಕ್ಕೆ ನಿಮಿಷಕ್ಕೆ ಇಪ್ಪತ್ತು ಸಲ ಸ್ವಿಚ್ ಬಡಿದುಕೊಂಡರೆ ಒಳಗಿನ ಎಲೆಗಳು ಬೆಸೆದುಕೊಳ್ಳುತ್ತವೆ. ಆನಗೋಡಿನ ದಾರಿಯಲ್ಲಿ ಆಗಿದ್ದದ್ದು ಅದೇ. ಕಡ್ಡಿ ಬಿಚ್ಚಿ ಬೆರಳಿನಿಂದ ಗುಂಡನ್ನು ಮೇಲೆ ಕೆಳಗೆ ಮಾಡಿದರೂ ಮಲ್ಟಿಮೀಟರ್ ಬಿಡದೆ ಕೂಗುತ್ತಿತ್ತು.

ಇದಕ್ಕೆ ಎಲ್‌ಇಡಿ ಮತ್ತು 1000 ಓಮ್ ರೆಸಿಸ್ಟರ್ ಕೊಡಿ. ಸ್ವಿಚ್ಚಿನಲ್ಲಿ ಹರಿಯುವುದು 10 ಮಿಲಿಆಂಪ್, ವರ್ಷಗಟ್ಟಲೆ ಬಾಳುತ್ತದೆ. ಮಣಿಗೆ ಬಲ್ಬ್, ಫ್ಲೋಟಿಗೆ ಎಲ್‌ಇಡಿ. ಅದಲುಬದಲಾದರೆ ಎರಡೂ ಕೈಕೊಡುತ್ತವೆ.

ತಾಳ್ಮೆ ಮಾತ್ರ ಇದಕ್ಕೆ ಹುಟ್ಟಿನಿಂದ ಇಲ್ಲ, ನಾವೇ ಕಲಿಸಬೇಕು. ಫ್ಲೋಟಿನ ಸುತ್ತ ಒಂದು ಕೊಳವೆ ನಿಲ್ಲಿಸಿ; ತಳದಲ್ಲಿ 3 ಮಿಲಿಮೀಟರಿನ ಒಂದು ತೂತು, ತಲೆಯಲ್ಲಿ ಗಾಳಿಗೆ ಇನ್ನೊಂದು. ಹೊರಗೆ ಪೆಟ್ರೋಲ್ ಎಷ್ಟು ಕುಣಿದರೂ ಕೊಳವೆಯೊಳಗೆ ಬಾವಿಯ ನೀರಿನ ಹಾಗೆ ನಿಧಾನವಾಗಿ ಏರಿಳಿಯುತ್ತದೆ. ನನ್ನ ಕೊಳವೆ, ಅದರ ಚೂಡಿ (ಸ್ಕ್ರೂ ಥ್ರೆಡ್) ಎರಡನ್ನೂ ಮಾಡಿಸಿದ್ದು ಹರಿಹರದಲ್ಲಿ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಅದರ ಲೇತುಗಳ ಕೆಲಸ ಇನ್ನೂ ಮುಗಿದಿಲ್ಲ.

ಕುಡಿಯುವ ನೀರಿನ ಯಂತ್ರಗಳ ಫ್ಲೋಟ್ ಸ್ವಿಚ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅವುಗಳ ಪಾಲಿಪ್ರೊಪಿಲೀನ್ ಗುಂಡು ಪೆಟ್ರೋಲಿನಲ್ಲಿ ಊದಿಕೊಂಡು ಕಡ್ಡಿಗೆ ಕಚ್ಚಿ ಕೂರುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೇರೆ ಇರುವುದರಿಂದ ರಬ್ಬರ್ ವಾಷರ್ ಆರಿಸುವಾಗಲೂ ಎಚ್ಚರ ಬೇಕು. ಸ್ಟೀಲ್ ಗುಂಡಿನದು ಸಿಕ್ಕರೆ ಒಳ್ಳೆಯದು.

ಗೇಜೂ ಬೇಕು, ಲೈಟೂ ಬೇಕು ಅಂದರೆ

ನಮ್ಮಲ್ಲಿನ ಬಹುಪಾಲು ಬೈಕುಗಳಲ್ಲಿ ಇರುವುದು ತೋಳಿನ ಫ್ಲೋಟ್. ತೋಳು ಏರಿಳಿದ ಹಾಗೆ ರೆಸಿಸ್ಟೆನ್ಸ್ ಬದಲಾಗುತ್ತದೆ; ಮೀಟರ್ ಅದನ್ನು ಓದಿ ಪರದೆ ಮೇಲೆ ಪೆಟ್ರೋಲ್ ಮಟ್ಟದ ಕಡ್ಡಿಗಳನ್ನು ತೋರಿಸುತ್ತದೆ, ಕೊನೆಯ ಕಡ್ಡಿಗೆ ಲೈಟು ಮಿನುಗಿಸುತ್ತದೆ. ಫ್ಲೋಟು, ಮೀಟರು ಎರಡೂ ಒಂದೇ ಬೈಕಿನದಾದರೆ ಹಾಗೇ ಎತ್ತಿ ಹಾಕಬಹುದು, ಆದರೆ ಆ ಕಡ್ಡಿಗಳ ಲೆಕ್ಕ ಬೈಕಿನ ಟ್ಯಾಂಕಿನದು. ಡಬ್ಬಿ ಟ್ಯಾಂಕಿನಲ್ಲಿ ಅರ್ಧ ಅಂದರೆ ಅರ್ಧ ಅಲ್ಲ.

ಮೀಟರ್ ಒಂದು ಕಡೆಯದು, ಫ್ಲೋಟ್ ಇನ್ನೊಂದು ಕಡೆಯದು ಆದರೆ ಒಂದು ಕಂಪ್ಯಾರೇಟರ್, ಅಂದರೆ ಎರಡು ವೋಲ್ಟೇಜ್ ಹೋಲಿಸಿ ನೋಡಿ ಲೈಟು ಹತ್ತಿಸುವ ಸರ್ಕ್ಯೂಟ್, ಕಟ್ಟಿಕೊಳ್ಳಬೇಕು. ಎಲ್‌ಎಂ393 ಐಸಿ ಒಂದು, 7805 ರೆಗ್ಯುಲೇಟರ್ ಒಂದು. 5 ವೋಲ್ಟಿನಿಂದ 220 ಓಮ್ ಮೂಲಕ ಫ್ಲೋಟಿಗೆ, ಫ್ಲೋಟಿನಿಂದ ಅರ್ಥಿಗೆ. ನಿಮ್ಮದು ತುಂಬಿದಾಗ 10, ಖಾಲಿಯಾದಾಗ 100 ಓಮ್ ತೋರಿಸುವ ಫ್ಲೋಟ್ ಆದರೆ ನಡುವಿನ ಬಿಂದುವಿನಲ್ಲಿ 0.22ರಿಂದ 1.56 ವೋಲ್ಟ್ ಬರುತ್ತದೆ. ಆ ಬಿಂದುವನ್ನು ಐಸಿಯ ಒಂದು ಕಾಲಿಗೆ ಕೊಟ್ಟು, ಇನ್ನೊಂದು ಕಾಲಿಗೆ 10 ಸಾವಿರ ಓಮಿನ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಇಟ್ಟು 1.4 ವೋಲ್ಟಿನ ಆಸುಪಾಸಿನಲ್ಲಿ ಲೈಟು ಹತ್ತುವ ಹಾಗೆ ತಿರುಗಿಸಿಕೊಳ್ಳಿ. ತಾಳ್ಮೆಗೆ, ಫ್ಲೋಟಿನ ಬಿಂದುವಿಗೂ ಐಸಿಗೂ ನಡುವೆ ಒಂದು ಲಕ್ಷ ಓಮ್ ಮತ್ತು 100 ಮೈಕ್ರೋಫ್ಯಾರಡ್: ಹತ್ತು ಸೆಕೆಂಡಿನ ಸರಾಸರಿ ಸಿಗುತ್ತದೆ. ಇದರ ದೊಡ್ಡ ಅನುಕೂಲ ಎಂದರೆ, ಎಷ್ಟು ಲೀಟರಿಗೆ ಲೈಟು ಹತ್ತಬೇಕು ಅನ್ನುವುದನ್ನು ಸ್ಕ್ರೂಡ್ರೈವರಿನಲ್ಲಿ ಹೇಳಬಹುದು. ಮಣಿಗೂ ರೀಡಿಗೂ ಟ್ಯಾಂಕ್ ಬಿಚ್ಚಬೇಕು.

ಕಾರಿನ ಫ್ಲೋಟ್ ಹಾಕುವವರು ಮೊದಲು ಅದು ಯಾವ ಕಡೆಗೆ ಓಡುತ್ತದೆ ಅಂತ ಅಳೆಯಿರಿ. ಅಮೆರಿಕದ ಅಳತೆಯಲ್ಲಿ ಖಾಲಿಗೆ 240 ಓಮ್, ತುಂಬಿದಾಗ 33. ಯುರೋಪಿನ ಒಂದು ಅಳತೆಯಲ್ಲಿ ಖಾಲಿಗೆ 10, ತುಂಬಿದಾಗ 180, ಪೂರ್ತಿ ಉಲ್ಟಾ. ಐಸಿಯ ಕಾಲು ಅದಲುಬದಲು ಮಾಡಿದರೆ ಕೆಲಸ ಮುಗಿಯಿತು ಅನ್ನಿಸಬಹುದು. ಮುಗಿಯುವುದಿಲ್ಲ. ವೈರ್ ಕಿತ್ತುಹೋದರೆ ಐಸಿಗೆ ಕಾಣುವುದು ಮಿತಿಯಿಲ್ಲದ ಓಮ್. ಖಾಲಿಗೆ ಓಮ್ ಹೆಚ್ಚುವ ಫ್ಲೋಟಿನಲ್ಲಿ ಅದು ‘ಖಾಲಿ’ ಎಂದು ಓದಿ ಲೈಟು ಹತ್ತಿಸುತ್ತದೆ, ನಮಗೆ ಗೊತ್ತಾಗುತ್ತದೆ. ಉಲ್ಟಾ ಫ್ಲೋಟಿನಲ್ಲಿ ಅದು ‘ಫುಲ್’ ಎಂದು ಓದಿ ಸುಮ್ಮನಿರುತ್ತದೆ. ಹೀಗಾಗಿ ಎರಡೂ ಕೈಗೆ ಸಿಕ್ಕರೆ ಮೊದಲನೆಯದನ್ನೇ ಎತ್ತಿಕೊಳ್ಳಿ.

ಮಣಿಯದೂ ರೀಡಿನದೂ ಇದೇ ದೋಷ: ವೈರ್ ಕಡಿದರೆ ಮೌನ. ಅದಕ್ಕೆ ಮದ್ದು ಒಂದು ಪುಶ್ ಬಟನ್. ಒತ್ತಿದರೆ ಸೆನ್ಸರಿಗೆ ಹೋಗುವ ವೈರ್ ನೇರ ಅರ್ಥ್ ಆಗಬೇಕು; ಲೈಟು ಹತ್ತಿದರೆ ಬಲ್ಬೂ ಫ್ಯೂಸೂ ಸರಿ ಇವೆ. ಬಟನ್ನನ್ನು ಡ್ಯಾಶಿನಲ್ಲಿ ಅಲ್ಲ, ಟ್ಯಾಂಕಿನ ಹತ್ತಿರ, ಸೆನ್ಸರಿನ ಕನೆಕ್ಟರ್ ಪಕ್ಕ ಇಟ್ಟರೆ ಅಲ್ಲಿವರೆಗಿನ ವೈರೂ ಪರೀಕ್ಷೆಯಾಗುತ್ತದೆ. ಕಿಡಿಯ ಭಯಕ್ಕೆ ಪೂರ್ತಿ ಮುಚ್ಚಿದ ಬಟನ್ನೇ ಬೇಕು.

ಅರ್ಥಿಗೆ ಚಾಸಿ ನಂಬಬೇಡಿ. ಟ್ಯಾಂಕ್ ರಬ್ಬರ್ ಬುಷ್ ಮೇಲೆ ಕೂತಿರುತ್ತದೆ, ಪೈಪಿಗೆ ಪೌಡರ್ ಕೋಟಿಂಗ್ ಆಗಿರುತ್ತದೆ. ಸೆನ್ಸರಿನಿಂದ ಬ್ಯಾಟರಿ ನೆಗೆಟಿವ್‌ವರೆಗೆ ಒಂದು ಕಪ್ಪು ವೈರ್ ಎಳೆಯಿರಿ. ಕೀ ವೈರಿನಲ್ಲಿ 1 ಆಂಪ್ ಫ್ಯೂಸ್.

ರಿಸರ್ವ್ ಕಾಕ್

ವೈರೇ ಬೇಡ ಅನ್ನುವವರಿಗೆ ಹಳೇ ಬೈಕಿನ ಆನ್-ಆಫ್-ರಿಸರ್ವ್ ಕಾಕ್ ಇದೆ. ಕಾರ್ಬ್ಯುರೇಟರ್ ಗಾಡಿಗೆ, ಟ್ಯಾಂಕ್ ಎಂಜಿನ್ನಿಗಿಂತ ಮೇಲಿದ್ದರೆ, ಇದಕ್ಕೆ ಸಾಟಿ ಇಲ್ಲ. ಆದರೆ ಸೀಟ್ ಬೆಲ್ಟ್ ಕಟ್ಟಿಕೊಂಡು ಹಿಂದಕ್ಕೆ ಕೈ ಚಾಚಿ ತಿರುಗಿಸಲು ಆಗುವುದಿಲ್ಲ, ಮತ್ತೆ ರಿಸರ್ವಿಗೆ ತಿರುಗಿಸಿದ್ದನ್ನು ವಾಪಸ್ ಮಾಡಲು ಎಲ್ಲರೂ ಮರೆಯುತ್ತಾರೆ. ಇಂಜೆಕ್ಷನ್ ಎಂಜಿನ್ ಆದರೆ ಈ ಮಾತೇ ಬೇಡ. ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದೇ ಪೆಟ್ರೋಲಿನಿಂದ. ಒಣಗಿ ಓಡಿದರೆ ಪಂಪ್ ಖರ್ಚು ನಿಮ್ಮ ತಲೆಗೆ. ಅಂಥ ಗಾಡಿಗೆ ತೋಳಿನ ಫ್ಲೋಟ್ ಮತ್ತು ಕಂಪ್ಯಾರೇಟರ್, ಲೈಟು ನಾಲ್ಕು ಲೀಟರಿಗೇ ಹತ್ತುವ ಹಾಗೆ.

ನನ್ನ ಗಾಡಿ ಕಾರ್ಬ್ಯುರೇಟರಿನದು, ಗೇಜಿನ ಆಸೆ ಇಲ್ಲ. ಈಗ ಅದರಲ್ಲಿರುವುದು ಮಣಿ ಮತ್ತು 3 ವಾಟಿನ ಬಲ್ಬ್. ಸೆನ್ಸರನ್ನು ಟ್ಯಾಂಕಿನ ತಳದಿಂದ ಕೆಳಕ್ಕೆ ಇಳಿಬಿಟ್ಟು ಬೆಸೆದ ಪುಟ್ಟ ಬಟ್ಟಲಿನೊಳಗೆ ಇಳಿಸಿದ್ದೇನೆ, ಮೂರು ಸೆಂಟಿಮೀಟರಿನ ತಕರಾರು ಹಾಗೆ ತೀರಿತು. ಕೂರಿಸಿದ ಮೇಲೆ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಲೈಟು ಹತ್ತುವವರೆಗೆ ಎಂಜಿನ್ ಓಡಿಸಿ, ಆರಿಸಿ, ತಣ್ಣಗಾದ ಮೇಲೆ ಉಳಿದ ಪೆಟ್ರೋಲನ್ನು ಅಳತೆಯ ಕ್ಯಾನಿಗೆ ಬಸಿದೆ. ಮೂರು ಸಲ ಮಾಡಿದೆ: 2.6, 2.9, 2.7 ಲೀಟರ್. ಬಲ್ಬಿನ ಕೆಳಗೆ ಡ್ಯಾಶ್ ಮೇಲೆ ಮಾರ್ಕರಿನಲ್ಲಿ ‘ಎರಡೂವರೆ’ ಅಂತ ಬರೆದಿದ್ದೇನೆ.